ಎರಡಕ್ಕೂ ಆಗುವ ದೋಣಿ

ಮೇ ತಿಂಗಳ ಮೂರನೆಯ ಶನಿವಾರ, ಬೆಳಿಗ್ಗೆ ಆರೂವರೆ. ಆ ವರ್ಷ ನಮ್ಮ ಮಿನ್ನೆಸೋಟಾದಲ್ಲಿ ಸರೋವರದ ಮಂಜುಗಡ್ಡೆ ತಡವಾಗಿ ಕರಗಿತ್ತು. ನೀರಿಗೆ ಬೆರಳಿಟ್ಟರೆ ಮೂಳೆಗೆ ನಾಟುತ್ತಿತ್ತು. ದೋಣಿ ಮಾರುವ ರಾಲಿ ಹೊಸದೊಂದು ದೋಣಿಯನ್ನು ನೀರಿಗಿಳಿಸಿ, ಕೊಳ್ಳುವ ಮೊದಲು ಓಡಿಸಿ ನೋಡಲೆಂದು ವರ್ಲಿನ್ ಮತ್ತು ಆರ್ಡಿಸ್ ಇಬ್ಬರನ್ನೂ ಹತ್ತಿಸಿಕೊಂಡ. ಇಬ್ಬರೂ ಐವತ್ತು ದಾಟಿದವರು. ಸೆಪ್ಟೆಂಬರಿನಲ್ಲಿ ಮದುವೆ. ಆರ್ಡಿಸ್ ಆಗಲೇ ತನ್ನ ಪೆಟ್ಟಿಗೆಗಳನ್ನು ಅವನ ಮನೆಗೆ ಸಾಗಿಸಿದ್ದಳು.

ವರ್ಲಿನ್‌ಗೆ ಮೀನಿನ ಹುಚ್ಚು. ಆರ್ಡಿಸ್‌ಗೆ ಸ್ಕೀ, ಅಂದರೆ ದೋಣಿ ಎಳೆಯುವ ಹಗ್ಗ ಹಿಡಿದು, ಕಾಲಡಿಯ ಹಲಗೆಯ ಮೇಲೆ ನೀರಿನಲ್ಲಿ ಜಾರುವುದು. ಹರೆಯದಲ್ಲಿ ಊರಿನ ಸ್ಕೀ ತಂಡದವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟಿದಾಗ, ತುದಿಯಲ್ಲಿ ಬಾವುಟ ಹಿಡಿದು ನಿಲ್ಲುತ್ತಿದ್ದವಳು ಅವಳೇ. 'ಒಂದು ಮನೆಗೆ ಒಂದೇ ದೋಣಿ ಸಾಕು' ಎಂದು ವರ್ಲಿನ್ ತೀರ್ಮಾನ ಮಾಡಿದ್ದ. ಇಬ್ಬರ ಹಳೆಯ ದೋಣಿಗಳನ್ನೂ ರಾಲಿಗೆ ಕೊಟ್ಟು ಇದನ್ನು ತರುವುದೆಂದಾಗಿತ್ತು.

ನಾನು ನನ್ನ ಹದಿನಾಲ್ಕಡಿಯ ದೋಣಿಯಲ್ಲಿ, ಜೊಂಡಿನ ಅಂಚಿನಲ್ಲಿ ಗಾಳ ಹಾಕಿ ಕೂತಿದ್ದೆ. ಗಾಳಿಯಿಲ್ಲದ ಬೆಳಿಗ್ಗೆ ನೀರಿನ ಮೇಲೆ ಆಡಿದ ಮಾತು ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ.

"ಎರಡಕ್ಕೂ ಆಗುತ್ತೆ ಸಾರ್. ನೀವು ಮುಂದೆ ನಿಂತು ಗಾಳ ಬೀಸಿ, ಮೇಡಂ ಹಿಂದೆ ಹಗ್ಗ ಹಿಡಿದು ಹಾರ್ಲಿ. ಇಬ್ಬರೂ ಖುಷಿ," ಎಂದ ರಾಲಿ.

"ಅಂಚು ಎತ್ತರ ಆಯ್ತಲ್ಲಯ್ಯ. ಬಗ್ಗಿ ಮೀನು ಎತ್ಕೊಳ್ಳೋದ್ರಲ್ಲಿ ನನ್ನ ಸೊಂಟ ಉಳಿಯುತ್ತಾ?" ಎಂದ ವರ್ಲಿನ್.

"ಅಲೆನೂ ಜಾಸ್ತಿ ಎಬ್ಬಿಸುತ್ತೆ," ಎಂದಳು ಆರ್ಡಿಸ್. "ಇದರ ಹೊಟ್ಟೆ ದಪ್ಪ. ಥೇಟ್ ನಿನ್ನದೇ ಥರ."

ಮೂವರೂ ನಕ್ಕರು. ಇಂಥ ದೋಣಿಗಳನ್ನು ನಾನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಮೀನಿಗೆ ಹೊರಟರೆ ಮದುವೆ ದಿಬ್ಬಣದ ಸದ್ದು, ಸ್ಕೀ ಎಳೆಯಲು ಹೊರಟರೆ ತುಂಬು ಬಸುರಿಯ ಓಲಾಟ. ಆದರೂ ಪ್ರತಿ ವರ್ಷ ಯಾರಾದರೂ ಒಬ್ಬರು, ತಮ್ಮಷ್ಟು ಜಾಣರಿಲ್ಲವೆಂದುಕೊಂಡು, ಒಂದನ್ನು ಕೊಂಡು ತರುತ್ತಾರೆ.

"ಅದಿರ್ಲಿ, ನೀನು ಸ್ಕೀ ಮಾಡೋದು ಯಾವ ಹೊತ್ತಲ್ಲಿ?" ಕೇಳಿದ ವರ್ಲಿನ್.

"ಈ ಹೊತ್ತಲ್ಲೇ. ನೀರು ಅಲುಗಾಡದೆ ಇರುವಾಗ."

"ವಾಲೈ ಮೀನು ಕಚ್ಚೋದೂ ಈ ಹೊತ್ತಲ್ಲೇ ಕಣೇ."

"ಗೊತ್ತು. ಒಂದಿನ ನಿನ್ನ ಜೊತೆ ನಾನು ಸುಮ್ನೆ ಕೂರ್ತೀನಿ, ಒಂದಿನ ನನಗೋಸ್ಕರ ನೀನು ದೋಣಿ ಓಡಿಸು. ಅದಕ್ಕೇ ತಾನೇ ನಾನು ನನ್ನ ಕೆಂಪು ದೋಣಿ ಬಿಡೋಕೆ ಒಪ್ಪಿದ್ದು?"

ಅವಳು ರಬ್ಬರಿನ ಅಂಗಿಯ ಮೇಲೆ ತೇಲುವ ಜಾಕೆಟ್ ಬಿಗಿದುಕೊಂಡು ನೀರಿಗಿಳಿದಳು. ವರ್ಲಿನ್ ಸ್ಟೀರಿಂಗ್ ಚಕ್ರ ಹಿಡಿದ. ಎಳೆಯುವಾಗ ಹಿಂದಿನವರ ಮೇಲೆ ಒಬ್ಬರು ಕಣ್ಣಿಟ್ಟಿರಬೇಕು, ಅದು ಕಾನೂನು. ಆ ಕೆಲಸ ರಾಲಿಯದು. ಇಂಜಿನ್ ಗುಡುಗಿತು. ಒಂಟಿ ಹಲಗೆಯ ಮೇಲೆ ಆರ್ಡಿಸ್ ಎದ್ದು ನಿಂತಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರಿನ ಗೋಡೆ ಎಬ್ಬಿಸುತ್ತಾ ನನ್ನ ಮುಂದೆಯೇ ಹಾದು ಹೋದಳು. ಮೂವತ್ತು ವರ್ಷ ಎಲ್ಲಿಗೆ ಹೋದವೋ! ನಾನು ಗಾಳ ಮರೆತು ನೋಡಿದೆ. ಅವಳನ್ನು ಮದುವೆಯಾಗಬೇಕಾದವನು ಮಾತ್ರ ತಿರುಗಿ ನೋಡಲಿಲ್ಲ.

ಮರಳುದಿಬ್ಬದ ಹತ್ತಿರ ಬಂದಾಗ ಇಂಜಿನ್ನಿನ ಸದ್ದು ಒಮ್ಮೆಲೇ ತಗ್ಗಿತು. ಹಗ್ಗ ಸಡಿಲಾಗಿ ಆರ್ಡಿಸ್ ಕತ್ತಿನವರೆಗೆ ಮುಳುಗಿದಳು. ಏನಾದರೂ ಕೆಟ್ಟಿತೇನೋ ಎಂದುಕೊಂಡೆ. ಕೆಟ್ಟಿರಲಿಲ್ಲ. ಚಕ್ರದ ಪಕ್ಕ ನೀರಿನಡಿಯ ಮೀನು ತೋರಿಸುವ ಪರದೆಯಿತ್ತು. ರಾಲಿ ಹಿಂದೆ ನೋಡುವುದು ಬಿಟ್ಟು ಅದರ ಮೇಲೆ ಬಗ್ಗಿದ್ದ.

"ನೋಡಿ ಸಾರ್, ಹದಿನೇಳಡಿ ಆಳದಲ್ಲಿ, ಎಷ್ಟು ಸ್ಪಷ್ಟ!"

"ಹಿಂಡೇ ಇದೆಯಲ್ಲೋ!"

ವರ್ಲಿನ್ ಮೀನಿನ ಜಾಗ ಗುರುತಿಸುವ ತೇಲುಗುಂಡು ಎಸೆದ. ಸೀಸದ ತೂಕಕ್ಕೆ ದಾರ ಬಿಚ್ಚಿಕೊಂಡು ಇಳಿಯಿತು. ಆಮೇಲೆ ದೋಣಿ ತಿರುಗಿಸಿದ, ಆರ್ಡಿಸ್ ಕಡೆಗಲ್ಲ, ಆ ಗುಂಡಿನ ಸುತ್ತ. ಒಂದು ಸುತ್ತು. ಎರಡನೆಯ ಸುತ್ತಿಗೆ ಗಾಳದ ಕೋಲು ಕೈಗೆ ಬಂದಿತ್ತು.

ನಾನು ಹೋಗಿ ಆರ್ಡಿಸ್‌ಳನ್ನು ಎತ್ತಿಕೊಂಡೆ. ತುಟಿ ನೀಲಿಯಾಗಿತ್ತು. ನನ್ನ ಕೋಟು ಹೊದ್ದು ಕೂತಳು.

"ಐನಾರ್," ಎಂದಳು, "ನಿನ್ನ ದೋಣಿ ಯಾವುದಕ್ಕೆ ಆಗುತ್ತೆ?"

"ಮೀನಿಗೆ ಮಾತ್ರ ಕಣಮ್ಮ."

"ಮತ್ತೆ ನನ್ನನ್ನ ಹೇಗೆ ನೋಡ್ದೆ?"

ನಾನು ದೋಣಿಯನ್ನು ಅವರ ಕಡೆಗೆ ತಿರುಗಿಸಿದೆ. ನಾವು ಹತ್ತಿರ ಹೋದಾಗ ವರ್ಲಿನ್ ಬೆರಳು ತುಟಿಗಿಟ್ಟು ಸದ್ದು ಮಾಡಬೇಡಿ ಎಂದ. ಆಮೇಲೆ ಪಿಸುಗುಟ್ಟಿದ: "ಒಂದು ಸಲ ಬೀಸಿ ಬರ್ತಿದ್ದೆ ಕಣೇ. ನಿನಗೆ ಜಾಕೆಟ್ ಇತ್ತು, ತೇಲ್ತಾ ಇರ್ತೀಯ. ಮೀನು ಕಾಯುತ್ತಾ?"

ಆರ್ಡಿಸ್ ರಾಲಿಯ ಕಡೆ ತಿರುಗಿದಳು. "ರಾಲಿ, ದೋಣಿ ತುಂಬಾ ಚೆನ್ನಾಗಿದೆ," ಎಂದಳು. "ಇವನಿಗೇ ಮಾರಿಬಿಡು. ನನ್ನದು ನನಗಿರ್ಲಿ."

ರಾಲಿ ಮಾರಿದ. ವರ್ಲಿನ್ ಕೊಂಡ. ಮೀನು ಸಿಗುವ ದೋಣಿ ಎಂದು ಎರಡು ದಿನ ಊರೆಲ್ಲ ಹೇಳಿಕೊಂಡು ತಿರುಗಿದ.

ಮೂರನೆಯ ದಿನ ಆರ್ಡಿಸ್ ಪೆಟ್ಟಿಗೆಗಳನ್ನು ಟ್ರಕ್ಕಿಗೆ ಹಾಕಿ, ಗಾಡಿಯ ಮೇಲಿದ್ದ ಕೆಂಪು ದೋಣಿಯನ್ನು ಅದರ ಹಿಂದೆ ಕಟ್ಟಿದಳು. ಪೆಟ್ಟಿಗೆ ಎತ್ತಲು ನಾನೂ ಒಂದು ಕೈ ಕೊಟ್ಟೆ. ವರ್ಲಿನ್ ಅಂಗಳಕ್ಕೆ ಬಂದ, ಜೇಬಿನಲ್ಲಿ ಕೈಯಿಟ್ಟು ನಿಂತ, ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಬಾಯಿಗೆ ಬಂದದ್ದು ಇಷ್ಟೇ: "ಹಿಂದಿನ ಎಡಗಡೆ ದೀಪ ಉರೀತಿಲ್ಲ."

"ಹಿಂದೆ ನೋಡೋದು ಇವತ್ತು ಕಲಿತ್ಯಾ?" ಎಂದಳು ಆರ್ಡಿಸ್.

ಅವಳು ಹೊರಟದ್ದು ಮೇ ಇಪ್ಪತ್ತನಾಲ್ಕು, ಮಂಗಳವಾರ. ಸೆಪ್ಟೆಂಬರಿನ ಮದುವೆ ನಡೆಯಲಿಲ್ಲ.