ಮಾಳಿಗೆಯ ಮೇಲಿನ ಆವಿ

ಉಪಗ್ರಹದ ಸಂಕೇತ ದ್ಯಾಮವ್ವನ ಮಾಳಿಗೆಗೆ ಕೂದಲೆಳೆಯಷ್ಟು ತಡವಾಗಿ ಇಳಿಯುತ್ತಿದೆಯೆಂದು ಕೈಯಂತ್ರ ತೋರಿಸಿತು. ಗಾಳಿಯಲ್ಲಿ ಆವಿ ಇದ್ದರೆ ಸಂಕೇತ ನಿಧಾನವಾಗುತ್ತದೆ; ಹಾಗೆಂದರೆ ಅಲ್ಲಿ ಯಾರೋ ಗಾಳಿಗೆ ನೀರು ಬಿಡುತ್ತಿದ್ದಾರೆ. ಆವಿ ತಪಾಸಣೆಯ ಶಿವಲೀಲಾ ಮೆಟ್ಟಿಲು ಹತ್ತಿದಳು. ಗಜೇಂದ್ರಗಡ ಮೋಡ ಕಂಡು ಹನ್ನೊಂದು ವರ್ಷವಾಗಿತ್ತು. ಒಗೆದ ಬಟ್ಟೆಯನ್ನು ಆವಿ ಹಿಡಿದಿಡುವ ಮುಚ್ಚಿದ ಪೆಟ್ಟಿಗೆಯಲ್ಲೇ ಒಣಗಿಸಿ, ಅದರಲ್ಲಿ ಕೂಡಿದ ನೀರನ್ನು ಊರಿನ ತೊಟ್ಟಿಗೆ ಹಿಂತಿರುಗಿಸಬೇಕಿತ್ತು. ತಪ್ಪಿದರೆ ತಿಂಗಳಿಡೀ ನಳ ಬಂದ್.

ಹಗ್ಗದ ಮೇಲೆ ಆರು ಪುಟ್ಟ ಬಟ್ಟೆಗಳಿದ್ದವು.

“ಮೊಮ್ಮಗಳ ಕೂಸಿನವ್ರಿ, ಹುಟ್ಟಿ ಹನ್ನೆರಡು ದಿನ ಆತು,” ಎಂದಳು ದ್ಯಾಮವ್ವ. “ಕೂಸಿನ ಅರಿವಿ ಬಿಸಲಾಗ ಒಣಗಬೇಕು. ಪೆಟ್ಟಿಗ್ಯಾಗ ಹಾಕಾಕ ಮನಸ್ಸು ಬರಲಿಲ್ರಿ.”

“ನಳ ಬಂದ್ ಆದ್ರ ಕೂಸಿಗೆ ನೀರು ಎರಿಯೂದು ಹೆಂಗ, ಆಯಿ?”

“ಅಷ್ಟು ವಿಚಾರ ಮಾಡಲಿಲ್ರಿ ಬಾಯಾರ. ಒಂದೀಟು ಮೂಸಿ ನೋಡ್ರಿ.”

ಶಿವಲೀಲಾ ಒಣಗಿದ್ದ ಒಂದು ಬಟ್ಟೆಯನ್ನು ಮುಖಕ್ಕೆ ಹಿಡಿದಳು. ಬಿಸಿಲಿನ ವಾಸನೆ. ತನ್ನ ಇಬ್ಬರು ಮಕ್ಕಳಿಗೂ ಈ ವಾಸನೆ ಗೊತ್ತಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಬಟ್ಟೆಯನ್ನು ಮತ್ತೆ ಹಗ್ಗಕ್ಕೆ ಹಾಕಿ ಯಂತ್ರ ನೋಡಿದಳು. ಸಂಕೇತ ತಡವಾದದ್ದಕ್ಕೆ ಕಾರಣವೇನೆಂದು ಅದು ಕೇಳುತ್ತಿತ್ತು.

‘ಮೋಡ’ ಎಂದು ಬರೆದಳು. ತುಸು ಯೋಚಿಸಿ, ಆ ಪದದ ಮೊದಲಿಗೆ ‘ಸಣ್ಣ’ ಎಂದು ಸೇರಿಸಿದಳು.