ಕನ್ನಡಿ ಇಳಿಯುವವರೆಗೆ

ಗುಂಡಿ ಒತ್ತಿದೊಡನೆ ಠಪ್ಪೆಂದು ಸದ್ದಾಗಿ ಕ್ಯಾಮೆರಾದ ಕಿಂಡಿ ಕತ್ತಲಾಯಿತು. ತೊರೆಯಾಚೆ ಸಾಲ್ಮನ್ ಮೀನು ಸಿಗಿಯುತ್ತಿದ್ದ ಕರಡಿ ಯಸುಹಿಕೊನ ಕಣ್ಣಿನಿಂದ ಮಾಯವಾಯಿತು. ಅಪ್ಪನ ಕಾಲದ ಆ ಕ್ಯಾಮೆರಾದೊಳಗೆ ಕಿಂಡಿಗೆ ನೋಟ ತರುವ ಕನ್ನಡಿ ಫೋಟೊ ತೆಗೆದಾಗ ಒಮ್ಮೆ ಮೇಲೆದ್ದರೆ, ರೀಲು ಮುಂದೆ ತಳ್ಳುವ ಪುಟ್ಟ ಸನ್ನೆಕೋಲು ಎಳೆಯುವ ತನಕ ಕೆಳಗಿಳಿಯುವುದಿಲ್ಲ. ಆ ಮೊಂಡುತನಕ್ಕೇ ಅವನು ಅದನ್ನು ಮುದ್ದು ಮಾಡುತ್ತಿದ್ದ.

ನೀರಿನಲ್ಲಿ ದೊಡ್ಡದೇನೋ ಧುಮುಕಿದ ಸದ್ದಾಯಿತು.

"ರೀ, ಈ ಕಡೆಗೇ ಬರ್ತಿದೆ ಕಣ್ರೀ," ಹಿಂದಿನಿಂದ ಹೆಂಡತಿ ಫುಮಿಕೊ ಪಿಸುಗುಟ್ಟಿದಳು. "ಗಂಟೆ ಎಲ್ಲಿಟ್ರಿ?"

ಹೊಕ್ಕೈಡೊದ ಕಾಡಿನಲ್ಲಿ ಸದ್ದಿನಿಂದ ಕರಡಿಯನ್ನು ದೂರವಿಡುವ ಕರಡಿಗಂಟೆಯಿಲ್ಲದೆ ಯಾರೂ ಹೆಜ್ಜೆ ಇಡುವುದಿಲ್ಲ. ಫೋಟೊ ಕೆಡುತ್ತದೆಂದು ಅವಳ ಚೀಲದಿಂದ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡವನು ಅವನೇ.

"ಅಲ್ಲಾಡ್ಬೇಡ ಕಣೇ," ಎಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ನಿಮ್ಮ ಡಬ್ಬಿಗೆ ಬೆಂಕಿ ಬೀಳ!"

ಕ್ಯಾಮೆರಾ ಇಳಿಸಿದರೆ ಬರಿಗಣ್ಣಿನಿಂದ ಕರಡಿಯನ್ನು ನೋಡಬೇಕು. ಅಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಮಗು ತಾಯಿಯ ಸೆರಗಿನಲ್ಲಿ ಅಡಗಿದಂತೆ ಅವನು ಕಿಂಡಿಯ ಕತ್ತಲೆಯಲ್ಲಿ ಮುಖ ಹುದುಗಿಸಿ ನಿಂತ. ದಡದ ಕಲ್ಲುಗಳು ಕಟಕಟನೆ ಉರುಳಿದವು. ಹಸಿ ಮೀನಿನ ನಾತ ಮೂಗಿಗೆ ಬಡಿಯಿತು. ಏನೋ ಅವನ ಸೊಂಟದ ಜೇಬಿಗೆ ತಾಗಿ ಸರಿದುಹೋಯಿತು.

ಹೆಬ್ಬೆರಳು ತಾನಾಗಿ ಸನ್ನೆಯನ್ನು ಎಳೆದುಬಿಟ್ಟಿತು. ಕನ್ನಡಿ ಇಳಿದು ಕಿಂಡಿ ಬೆಳಗಿತು. ಅಂಚಿನಿಂದ ಅಂಚಿಗೆ ಬರೀ ಕಂದು ಬಣ್ಣ. ಅಷ್ಟು ಹತ್ತಿರದ್ದನ್ನು ಆ ಉದ್ದ ಲೆನ್ಸ್ ಮಸುಕುಮಸುಕಾಗಿಯೇ ತೋರಿಸುತ್ತಿತ್ತು.

ಆಗ ಆ ಕಂದು ಮಸುಕಿನೊಳಗಿಂದ ಅವನ ಜೇಬಿನಲ್ಲಿದ್ದ ಗಂಟೆ ಮೊಳಗತೊಡಗಿತು, ಬಿಡುವಿಲ್ಲದೆ, ನಡುಗುತ್ತ. ಆ ಕಂದು, ಅವನ ಮುಂದೆ ಬಂದು ನಿಂತಿದ್ದ ಫುಮಿಕೊಳ ಕೋಟಿನ ಬೆನ್ನಾಗಿತ್ತು.