ಉಡದ ತಾತನ ಕೈ

ಟವೆಲ್ಲನ್ನು ತಾತನ ಎರಡೂ ಮಣಿಕಟ್ಟಿಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, “ಹ್ಞಾಂ, ಈಗ ಹಿಡೀರಿ ನೋಡೋಣ!” ಎಂದು ಆಯಾ ನಕ್ಕಳು. ಸಾಲಿನಲ್ಲಿ ಇನ್ನೂ ಅರ್ಧದಷ್ಟು ಹಾಸಿಗೆಗಳ ಕೆಲಸ ಬಾಕಿ ಇತ್ತು. ಒಬ್ಬರ ಗಡ್ಡಕ್ಕೇ ಬೆಳಗೆಲ್ಲ ಕಳೆದರೆ ಉಳಿದವರಿಗೆ ಕಾಫಿ ಕೊಡುವವರು ಯಾರು?

ಮಾತು ನಿಂತುಹೋದ ಆ ಮುದುಕರಿಗೆ ವೃದ್ಧಾಶ್ರಮದವರು ಇಟ್ಟ ಹೆಸರು ಉಡದ ತಾತ. ಇಡೀ ದಿನ ಹಸುವಿನಂಥ ಸಾಧು. ಆದರೆ ಗಡ್ಡ ಹೆರೆಯಲು ರೇಜರ್ ತಾಗಿಸಿದರೆ ಸಾಕು, ಗಬಕ್ಕನೆ ಆಯಾಳ ಕೈ ಹಿಡಿದುಬಿಡುವರು. ಬಿಡಿಸಿಕೊಳ್ಳಲು ಹೋದರೆ ಉಡದ ಪಟ್ಟು! ಆ ಜಗ್ಗಾಟದಲ್ಲಿ ಎಷ್ಟೋ ಸಲ ಗದ್ದ ಕೊಯ್ದು ರಕ್ತ ಬಂದದ್ದುಂಟು. ಟವೆಲ್ಲಿನ ಉಪಾಯ ಆಯಾಳದೇ. ಮೇಲ್ವಿಚಾರಕಿ ಅವಳ ಬುದ್ಧಿಯನ್ನು ಹೊಗಳಿದ್ದೇ ಹೊಗಳಿದ್ದು.

ಗಡ್ಡ ಹೆರೆಯುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ನೋಡಿ ಕಲಿಯೋಣವೆಂದರೆ ಗಂಡನಿಗೋ ಎದೆಯವರೆಗೆ ಗಡ್ಡ. ಹಾಗಾಗಿ ತಳ ಹಿಡಿದ ಪಾತ್ರೆ ಕೆರೆಯುವಂತೆ ಕೆಳಗಿನಿಂದ ಮೇಲಕ್ಕೆ ಬರಬರ ಎಳೆಯುತ್ತಿದ್ದಳು. ಕೈ ಕಟ್ಟಿಸಿಕೊಂಡ ತಾತ ಕಣ್ಣು ಮುಚ್ಚಿ ಕೂತಿರುತ್ತಿದ್ದರು.

“ಅಯ್ಯೋ, ಏನಮ್ಮಾ ಇದು! ಇವರ ಕೈ ಕಟ್ಟೋದಾ?”

ಬಾಗಿಲಲ್ಲಿ ದಪ್ಪನೆಯ ಬೋಳುತಲೆಯವನೊಬ್ಬ ಹಣ್ಣಿನ ಚೀಲ ಹಿಡಿದು ನಿಂತಿದ್ದ. ತಾತನನ್ನು ನೋಡಲು ಇದುವರೆಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

“ನೀವು ಯಾರು, ಮಗನಾ?”

“ಮಗನಲ್ಲಮ್ಮ, ಗಿರಾಕಿ. ನನ್ನ ತಲೇಲಿ ಕೂದಲಿದ್ದ ಕಾಲದಿಂದ ಗಿರಾಕಿ! ಕ್ಷೌರದಂಗಡಿ ಮುಚ್ಚಿದ ಮೇಲೆ ಇವರೆಲ್ಲಿ ಹೋದ್ರು ಅಂತ ಹುಡುಕಿ ಹುಡುಕಿ ಸಾಕಾಯ್ತು. ನನ್ನ ಮದುವೆ ದಿನ ಮುಖಕ್ಷೌರ ಮಾಡಿದ್ದು ಇವರೇ. ನಾನು ಗಡಗಡ ನಡುಗ್ತಾ ಇದ್ದೆ, ಒಂದು ಗೀರು ಬೀಳಲಿಲ್ಲ.” ಹತ್ತಿರ ಬಂದವನು ತಾತನ ಗದ್ದದ ಗಾಯಗಳನ್ನು ಬಗ್ಗಿ ಒಂದೊಂದಾಗಿ ನೋಡಿದ.

“ನನ್ನ ತಪ್ಪಲ್ಲ ಸ್ವಾಮಿ,” ಎಂದಳು ಆಯಾ. “ರೇಜರ್ ಇಟ್ಟ ಕೂಡಲೇ ಕೈ ಹಿಡ್ಕೋತಾರೆ. ನಾನೇನು ಮಾಡ್ಲಿ?”

“ಹಿಡೀದೆ ಇರ್ತಾರಾ? ಕೆಲಸ ಕಲಿಯೋರಿಗೆ ಇವರು ಬಾಯಲ್ಲಿ ಪಾಠ ಹೇಳಿದವರೇ ಅಲ್ಲ. ಕತ್ತಿ ತಪ್ಪು ಕಡೆಗೆ ಹೋದ್ರೆ ಗಬಕ್ಕನೆ ಕೈ ಹಿಡಿಯೋರು. ಹಿಡಿದು, ಆ ಕೈಯನ್ನೇ ಮೆಲ್ಲಗೆ ಕೂದಲು ಮಲಗಿರೋ ಕಡೆಗೆ ನಡೆಸೋರು. ಸರಿಹೋದ ಮೇಲೇ ಬಿಡೋದು. ಈ ಊರಲ್ಲಿ ಕತ್ತಿ ಹಿಡಿದವರಲ್ಲಿ ಅರ್ಧ ಜನ ಇವರ ಕೈಯಲ್ಲಿ ಪಳಗಿದವರು.”

ಆಯಾ ರೇಜರನ್ನು ಬದಿಗಿಟ್ಟಳು. ಇಷ್ಟು ದಿನ ಕೈ ಹಿಡಿದಾಗಲೆಲ್ಲ ಅವಳು ಕಿತ್ತುಕೊಂಡದ್ದೇ ಬಂತು. ಆ ಕೈ ತನ್ನನ್ನು ಯಾವ ಕಡೆಗೆ ಒಯ್ಯುತ್ತದೆ ನೋಡೋಣ ಎಂದು ಒಂದು ಸಲವೂ ಸುಮ್ಮನೆ ಬಿಟ್ಟವಳಲ್ಲ. ಛೇ, ಕಲಿಸಲು ಬಂದ ಕೈಯನ್ನೇ ಕಟ್ಟಿಹಾಕಿದೆನಲ್ಲಾ! ಅವಳು ಬಗ್ಗಿ ಟವೆಲ್ಲಿನ ಗಂಟು ಬಿಚ್ಚಿದಳು.

ಮರುದಿನ ಬೆಳಿಗ್ಗೆ ಉಳಿದ ಹಾಸಿಗೆಗಳೆಲ್ಲ ಕಾಯಲಿ ಎಂದುಕೊಂಡು ಅವಳು ಬಿಸಿನೀರು ತಂದಳು. ಗದ್ದದ ಮೇಲೆ ನಿಧಾನವಾಗಿ ನೊರೆ ಎಬ್ಬಿಸಿದಳು. ಟವೆಲ್ಲನ್ನು ಬೇಕೆಂದೇ ಹೊರಗೆ ಬಿಟ್ಟು ಬಂದಿದ್ದಳು. “ತಾತಾ, ತಪ್ಪಾಯ್ತು. ಇವತ್ತು ನಂಗೂ ಹೇಳಿಕೊಡಿ,” ಎನ್ನುತ್ತ, ಹಿಡಿದುಕೊಳ್ಳಲಿ ಎಂದು ರೇಜರ್ ಇದ್ದ ಕೈಯನ್ನು ಅವರ ಕೈಯ ಹತ್ತಿರಕ್ಕೇ ಒಯ್ದಳು.

ತಾತ ರೇಜರನ್ನು ನೋಡಿದರು. ಅವಳ ಮುಖವನ್ನೂ ನೋಡಿದರು. ಆಮೇಲೆ ಎರಡೂ ಮಣಿಕಟ್ಟುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ತಾವಾಗಿಯೇ ಅವಳ ಮುಂದೆ ಚಾಚಿ, ಗಂಟು ಹಾಕಲಿ ಎಂದು ಕಾದರು.